ಬೀಗ ಹಾಕಿದ ಮನೆಯ ರೇಟು

ದಾವಣಗೆರೆಗೆ ಸಮುದ್ರವಿಲ್ಲ. ಶಾಮನೂರು ರಸ್ತೆಯ ಯಾವ ಮಹಡಿ ಹತ್ತಿ ನಿಂತರೂ ಕಾಣುವುದು ನೀರಿನ ಟ್ಯಾಂಕು, ಸೋಲಾರ್ ಹೀಟರು, ತೆಂಗಿನ ತಲೆಗಳು. ರಜೆ ಕಳೆಯಲೆಂದು ಇಲ್ಲಿ ಮನೆ ಕೊಳ್ಳುವ ಬಿಳಿಯರಿಲ್ಲ. ಭಾರತೀಯ ಮೂಲದವನಲ್ಲದ, ಹೊರದೇಶದಲ್ಲೇ ವಾಸಿಸುವ ವಿದೇಶಿ ಇಲ್ಲಿ ಆಸ್ತಿ ಕೊಳ್ಳಲು ಕಾನೂನು ಬಿಡುವುದೂ ಇಲ್ಲ. ಹೆಚ್ಚೆಂದರೆ ಐದು ವರ್ಷದ ಲೀಸು. ಹಾಗಿದ್ದೂ ಈ ಊರಿನಲ್ಲಿ ಪರದೇಶದವರ ಮನೆಗಳು ಬೀದಿ ಬೀದಿಗೂ ಇವೆ. ಅವರೆಲ್ಲ ಇದೇ ಊರಿನ ಮಕ್ಕಳು. ಇಲ್ಲಿ ಓದಿ, ಡಾಕ್ಟರೋ ಎಂಜಿನಿಯರೋ ಆಗಿ, ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಾ ಸೇರಿದವರು. ಮನೆಯಲ್ಲಿ ಅಪ್ಪ ಅಮ್ಮ ಇರುತ್ತಾರೆ, ಇಲ್ಲವೇ ಬೀಗ ಇರುತ್ತದೆ.

ಇಂಥ ಮನೆಗಳನ್ನು ನೋಡುತ್ತ ನಡೆಯುವವರು ಹಳೇ ಊರಿನಿಂದಲೇ ಹೊರಡಬೇಕು. ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಜಾಗದ ಬೆಲೆಯನ್ನು ಚದರಡಿಗಿಂತ ರಸ್ತೆಗೆ ಬಿದ್ದಿರುವ ಮುಖ ನಿರ್ಧರಿಸುತ್ತದೆ. ಹತ್ತಡಿ ಅಗಲದ ಅಂಗಡಿಯ ಹಿಂದೆ ಉದ್ದಕ್ಕೆ ಚಾಚಿಕೊಂಡ ಮನೆ, ನಡುವೆ ಪಡಸಾಲೆ, ಕೊನೆಗೆ ಹಿತ್ತಲು. ಕಾಗದದಲ್ಲಿ ಇದು ಅಜ್ಜನ ಆಸ್ತಿ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ದೇಶದ ಕಾಯ್ದೆ 2005ರಲ್ಲಿ ಬದಲಾಯಿತು, ಕರ್ನಾಟಕ ಅದಕ್ಕೂ ದಶಕ ಮೊದಲೇ ತನ್ನದೊಂದು ತಿದ್ದುಪಡಿ ತಂದಿತ್ತು. ಈಗ ಪೇಟೆಯ ಮನೆ ಮಾರಬೇಕೆಂದರೆ ಹ್ಯೂಸ್ಟನ್‌ನಲ್ಲಿರುವ ಮಗಳ ಸಹಿಯೂ ಬೇಕು. ಅವಳು ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರಕ್ಕೆ ದೃಢೀಕರಣ ಮಾಡಿಸಿ ಕಳಿಸಬೇಕು. ಅದು ಇಲ್ಲಿ ಕೈಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬ್ರೋಕರ್ ಹತ್ತಿರ ಹೋಗಿ ನೋಡಿ, ಆತ ಬೆಲೆ ಕೇಳುವ ಮೊದಲು ಕೇಳುವುದು ಇದನ್ನೇ: ‘ಖಾತೆ ಯಾರ ಹೆಸರ‍್ನಾಗ ಐತ್ರಿ? ಸಹಿ ಹಾಕೋರು ಎಲ್ಲದಾರ?’

ರೈಲು ಹಳಿ ದಾಟಿ ಈಚೆ ಬಂದರೆ ಊರಿನ ಚಹರೆಯೇ ಬದಲು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಹತ್ತಿ ಗಿರಣಿಗಳು ಮುಚ್ಚಿದವು, ಹೆಸರುಗಳು ಉಳಿದವು. ಡಿಸಿಎಂ ಟೌನ್‌ಶಿಪ್ ಎನ್ನುವವರಲ್ಲಿ ಎಷ್ಟು ಮಂದಿಗೆ ಅದು ದಾವಣಗೆರೆ ಕಾಟನ್ ಮಿಲ್ ಎಂಬುದರ ನೆನಪಿದೆಯೋ. ಗಿರಣಿ ಹೋದರೂ ಊರು ಬೀಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಕಾಲೇಜುಗಳು ಬೇರೂರಿದ್ದವು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಿಐಇಟಿ. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಂತೂ ಇವೆಲ್ಲಕ್ಕೂ ಹಿರಿಯದು. ಪಿ.ಜೆ. ಬಡಾವಣೆಯ ನರ್ಸಿಂಗ್ ಹೋಮುಗಳು, ವಿದ್ಯಾನಗರದ ಬಾಡಿಗೆ ರೂಮುಗಳು, ಎಂಸಿಸಿ ಬಿ ಬ್ಲಾಕಿನ ಮಾಮಾಸ್ ಜಾಯಿಂಟ್ ರಸ್ತೆಯ ಸಂಜೆಯ ಗದ್ದಲ, ಎಲ್ಲದರ ಬೇರು ಈ ಕಾಲೇಜುಗಳಲ್ಲಿದೆ. ಸೈಟಿನ ಬೆಲೆಯ ಬೇರೂ ಅಲ್ಲೇ. ಪರದೇಶದ ದುಡ್ಡು ಬಂದು ರೇಟು ಏರಿಸಿತು ಎಂದು ಊರಿನವರು ಹೇಳುವುದುಂಟು. ನನಗೆ ಅದರಲ್ಲಿ ಅರ್ಧವಷ್ಟೇ ನಿಜ ಕಾಣುತ್ತದೆ. ಆ ದುಡ್ಡು ಬರುವ ಮೊದಲೇ ಇಲ್ಲಿ ಡಾಕ್ಟರುಗಳಿದ್ದರು, ಮಂಡಿ ವರ್ತಕರಿದ್ದರು, ಅಡಿಕೆ ಮಾರಿ ಮಕ್ಕಳ ಓದಿಗೆಂದು ಊರಿಗೆ ಬಂದು ಮನೆ ಕಟ್ಟಿದ ಚನ್ನಗಿರಿ ಕಡೆಯವರಿದ್ದರು. ಡಾಲರು ಬೆಲೆ ಏರಿಸಿದ್ದಕ್ಕಿಂತ ಹೆಚ್ಚಾಗಿ ಮನೆಗಳನ್ನು ಮಾರುಕಟ್ಟೆಗೆ ಬಾರದಂತೆ ಹಿಡಿದಿಟ್ಟಿದೆ.

ಎಂಸಿಸಿಯ ಅಡ್ಡರಸ್ತೆಗಳಲ್ಲಿ ಇದು ಕಣ್ಣಿಗೇ ಬೀಳುತ್ತದೆ. ಗೇಟಿನ ಮೇಲೆ ಎರಡು ಕ್ಯಾಮೆರಾ, ಒಳಗೆ ಒಣಗಿದ ತುಳಸಿ ಕಟ್ಟೆ, ಪೋರ್ಟಿಕೋದಲ್ಲಿ ಹೊದಿಕೆ ಹೊದ್ದ ಕಾರು. ವಾರಕ್ಕೊಮ್ಮೆ ಯಾರೋ ಬಂದು ಕಸ ಗುಡಿಸಿ ಹೋಗುತ್ತಾರೆ. ಪಕ್ಕದ ರಸ್ತೆಯಲ್ಲೇ ವೈದ್ಯಕೀಯ ವಿದ್ಯಾರ್ಥಿಗಳು ರೂಮಿಗಾಗಿ ಅಲೆಯುತ್ತಿರುತ್ತಾರೆ. ಬಾಡಿಗೆಗೆ ಯಾಕೆ ಕೊಡುವುದಿಲ್ಲ? ಬಾಡಿಗೆಯವರು ಬಿಡದೆ ಕೂತರೆ ಎಂಬ ಭಯ ಒಂದು. ಇನ್ನೊಂದು ತೆರಿಗೆ. ಮನೆ ಯಜಮಾನ ಅನಿವಾಸಿಯಾದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬಾಡಿಗೆದಾರನೇ ಶೇ 30ರಷ್ಟು ತೆರಿಗೆ, ಅದರ ಮೇಲೆ ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟಿ ಉಳಿದದ್ದನ್ನು ಕೊಡಬೇಕು. ಎರಡನೇ ವರ್ಷದ ಎಂಬಿಬಿಎಸ್ ಹುಡುಗನಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ? ಬೀಗವೇ ಸುಲಭ.

ಮಾರಿಬಿಡಬಹುದಲ್ಲ ಎಂದರೆ ಅಲ್ಲಿ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 2010ರಲ್ಲಿ ಡಾಲರಿಗೆ ಸುಮಾರು 45 ರೂಪಾಯಿ. ಒಬ್ಬರು 1 ಲಕ್ಷ ಡಾಲರ್ ಕಳಿಸಿ 45 ಲಕ್ಷಕ್ಕೆ ಸೈಟು ಕೊಂಡರು ಎನ್ನಿ. 2024ರ ಕೊನೆಗೆ ಡಾಲರು 85 ರೂಪಾಯಿ ಮುಟ್ಟಿತ್ತು. ಆಗ ಸೈಟು 85 ಲಕ್ಷಕ್ಕೆ ಹೋಯಿತು ಎನ್ನಿ. ಊರಿನ ಕಣ್ಣಿಗೆ ಅವರು 40 ಲಕ್ಷ ಗಳಿಸಿದರು. ಡಾಲರಿನಲ್ಲಿ ಎಣಿಸಿದರೆ ಹಾಕಿದ 1 ಲಕ್ಷವೇ ವಾಪಸು ಬಂದಿದೆ. ತೆರಿಗೆ ಇಲಾಖೆ ಎಣಿಸುವುದು ರೂಪಾಯಿಯಲ್ಲಿ. ಆ 40 ಲಕ್ಷದ ಮೇಲೆ ಶೇ 12.5, ಅಂದರೆ 5 ಲಕ್ಷ, ಸೆಸ್ ಬೇರೆ. ಬೆಲೆಯೇರಿಕೆಗೆ ತಕ್ಕಂತೆ ಖರೀದಿ ಬೆಲೆ ಏರಿಸಿಕೊಂಡು ಶೇ 20ರ ಹಳೆಯ ಲೆಕ್ಕ ಹಿಡಿಯುವ ಆಯ್ಕೆಯನ್ನು 2024ರ ಜುಲೈ 23ಕ್ಕೆ ಮೊದಲು ಕೊಂಡವರಿಗೆ ಸರ್ಕಾರ ಉಳಿಸಿತು, ಆದರೆ ದೇಶದಲ್ಲಿ ವಾಸಿಸುವವರಿಗೆ ಮಾತ್ರ. ಹೀಗಾಗಿ ಅನಿವಾಸಿ ಡಾಲರಿನಲ್ಲಿ ಇಲ್ಲದ ಲಾಭದ ಮೇಲೆ ತೆರಿಗೆ ಕಟ್ಟಿದಂತಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಇಲ್ಲೇ ಇರುವವರು 85 ಲಕ್ಷದ ಸೈಟು ಮಾರಿದರೆ ಕೊಳ್ಳುವವ ಮುರಿದುಕೊಳ್ಳುವುದು ಶೇ 1, ಅಂದರೆ 85 ಸಾವಿರ. ಮಾರುವವ ಅನಿವಾಸಿಯಾಗಿದ್ದು, ಕಡಿಮೆ ಕಡಿತಕ್ಕೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟು ತರದಿದ್ದರೆ, ಲಾಭದ ಮೇಲಲ್ಲ, ಪೂರ್ತಿ 85 ಲಕ್ಷದ ಮೇಲೆಯೇ ಮುರಿಯಬೇಕಾಗುತ್ತದೆ. 10 ಲಕ್ಷ ದಾಟುವ ಆ ಕಡಿತದಲ್ಲಿ ತೆರಿಗೆಗಿಂತ ಹೆಚ್ಚಾದದ್ದು ರಿಟರ್ನ್ ಸಲ್ಲಿಸಿ ವಾಪಸು ಪಡೆಯುವವರೆಗೆ ಇಲಾಖೆಯ ಬಳಿಯೇ. ಕೊಳ್ಳುವವನಿಗೂ ಇದು ತಲೆನೋವು. ಹಾಗಾಗಿ ಒಂದೇ ರಸ್ತೆಯ ಎರಡು ಸೈಟುಗಳಲ್ಲಿ ಅನಿವಾಸಿಯದ್ದನ್ನು ಬಿಟ್ಟು ಪಕ್ಕದ್ದನ್ನು ನೋಡುವ ಗಿರಾಕಿಯನ್ನು ತಪ್ಪು ಎನ್ನಲಾಗದು.

ಕೊಳ್ಳುವಾಗ ಮಾತ್ರ ಅವರಿಗೆ ಒಳ್ಳೆಯ ಮರ್ಯಾದೆ. ದುಡ್ಡು ಬ್ಯಾಂಕಿನ ಮೂಲಕ, ಹೊರಗಿನಿಂದ ನೇರವಾಗಿಯೋ ಎನ್‌ಆರ್‌ಐ ಖಾತೆಯಿಂದಲೋ ಬರಬೇಕು ಎಂದು ನಿಯಮವೇ ಹೇಳುತ್ತದೆ. ಒಂದಿಷ್ಟು ಕೈಯಲ್ಲಿ, ಒಂದಿಷ್ಟು ಚೆಕ್ಕಿನಲ್ಲಿ ಎನ್ನುವ ಮಾತು ಅವರೊಂದಿಗೆ ನಡೆಯುವುದಿಲ್ಲ. ಪೂರ್ತಿ ಬಿಳಿ ಹಣ ಎಂದರೆ ನೋಂದಣಿ ಖರ್ಚೂ ಪೂರ್ತಿ. ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2. 50 ಲಕ್ಷದ ಸೈಟಿಗೆ ಮೊದಲು 3.30 ಲಕ್ಷ, ಈಗ 3.80 ಲಕ್ಷ.

ಕುಂದವಾಡ ಕೆರೆಯ ಏರಿ, ಗಾಜಿನಮನೆ ದಾಟಿ ಹೆದ್ದಾರಿ ಕಡೆ ಹೊರಳಿದರೆ ಹೊಸ ಲೇಔಟುಗಳ ಕಮಾನುಗಳು ಶುರು. ಮೊನ್ನೆ ಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದ ಗದ್ದೆ. ಇದು ಭದ್ರಾ ನಾಲೆಯ ಅಚ್ಚುಕಟ್ಟಿನ ಕೊನೆಯ ಅಂಚು, ನೀರು ತಲುಪುವುದೇ ಪ್ರತಿ ಬೇಸಿಗೆಯ ಜಗಳ. ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರಡಿ. 30–40ರ ಸೈಟು ಎಂದರೆ 1200. ಈ ಲೆಕ್ಕ ಇಲ್ಲಿಯ ರೈತರಿಗೆ ಈಗ ಬಾಯಿಪಾಠ. ನೀರು ಬಾರದ ಗದ್ದೆಯನ್ನು ಸೈಟಿಗೆಂದು ಅಲಿನೇಷನ್ ಮಾಡಿಸಿದವನನ್ನು ಬೈಯುವುದು ಊರೊಳಗೆ ಕೂತವರಿಗೆ ಸುಲಭ.

ಪರದೇಶದ ದುಡ್ಡು ನಿಜಕ್ಕೂ ದಿಕ್ಕು ಬದಲಿಸುವುದು ಇಲ್ಲಿ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಕೊಳ್ಳುತ್ತಾನೆ. ಅವನ ಅಣ್ಣ ಅಮೆರಿಕದಲ್ಲಿದ್ದರೆ ಆಗದು: ಅನಿವಾಸಿಯಾಗಲಿ, ಒಸಿಐ ಕಾರ್ಡಿನವರಾಗಲಿ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ ಎಂದು ವಿದೇಶಿ ವಿನಿಮಯ ನಿಯಮ ಹೇಳುತ್ತದೆ. ಅಪ್ಪನ ಹೊಲ ವಾರಸಾಗಿ ಬರಬಹುದು, ಅದಕ್ಕೆ ಅಂಟಿಕೊಂಡ ದಾಯಾದಿಯ ಎರಡು ಗುಂಟೆಯನ್ನು ದುಡ್ಡು ಕೊಟ್ಟು ಸೇರಿಸಿಕೊಳ್ಳುವಂತಿಲ್ಲ. ಬಂದ ಹೊಲವನ್ನು ಮಾರುವುದಾದರೂ ಇಲ್ಲೇ ವಾಸಿಸುವ ಭಾರತೀಯ ಪ್ರಜೆಗೇ ಮಾರಬೇಕು. ಊರಿನ ಮೇಲಿನ ಆಸೆ ಹೊಲದ್ದು, ಕಾನೂನು ತೋರಿಸುವ ದಾರಿ ಸೈಟಿನದ್ದು. ಲೇಔಟಿನ ಕಮಾನಿನ ಕೆಳಗೆ ಹಾಯುವ ಡಾಲರಿನಲ್ಲಿ ಒಂದು ಪಾಲು ಹೀಗೆ ಹೊಲದಿಂದ ತಿರುಗಿ ಬಂದದ್ದು. (ಕೆನಡಾದಲ್ಲಿ ತಾತ್ಕಾಲಿಕವಾಗಿ ಇರುವವರಿಗೆ ಎರಡೂ ಕಡೆ ಅಡ್ಡಗೋಡೆ: 2023ರ ಜನವರಿಯಿಂದ ಆ ದೇಶ ಕೆಲವು ವಿನಾಯಿತಿ ಬಿಟ್ಟು ಪೌರರೂ ಕಾಯಂ ನಿವಾಸಿಗಳೂ ಅಲ್ಲದವರಿಗೆ ಮನೆ ಖರೀದಿ ನಿಷೇಧಿಸಿದೆ. ಹೊರಗಿನವರು ಬಂದು ಬೆಲೆ ಏರಿಸುತ್ತಾರೆ ಎಂಬ ದೂರು ಅಲ್ಲಿಯದ್ದೂ ಹೌದು.)

ಹರಿಹರದ ಕಡೆ ಬಾತಿ ದಾಟುವಾಗ ಎರಡು ಊರುಗಳ ನಡುವಿನ ಬಯಲು ತುಂಬುತ್ತಿರುವುದು ಗೊತ್ತಾಗುತ್ತದೆ. ದಾವಣಗೆರೆ–ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರಿನಷ್ಟು ಅಂತರ, ನಗರಾಭಿವೃದ್ಧಿ ಪ್ರಾಧಿಕಾರ ಮಾತ್ರ ಒಂದೇ, ಜನರ ಬಾಯಲ್ಲಿ ದೂಡಾ. ಕಮಾನು ನೋಡಿ ಮರುಳಾಗುವ ಮೊದಲು ಲೇಔಟಿಗೆ ದೂಡಾ ಅನುಮೋದನೆ ಇದೆಯೇ, ಸೈಟು ಬಿಡುಗಡೆ ಆಗಿದೆಯೇ, ಇ–ಖಾತೆ ಬಂದಿದೆಯೇ ನೋಡಬೇಕು. ಅನಧಿಕೃತ ಬಡಾವಣೆಗಳಿಗೆ 2025ರಲ್ಲಿ ಬಿ–ಖಾತೆ ಕೊಡುವ ಅಭಿಯಾನ ನಡೆಯಿತು. ಬಿ–ಖಾತೆ ಎಂದರೆ ತೆರಿಗೆಯ ಲೆಕ್ಕಕ್ಕೆ ಹತ್ತಿತು ಎಂದು ಅರ್ಥವೇ ಹೊರತು ಲೇಔಟು ಸಕ್ರಮವಾಯಿತು ಎಂದಲ್ಲ. ವಾಟ್ಸ್‌ಆ್ಯಪ್ ವಿಡಿಯೊ ನೋಡಿ ಅಡ್ವಾನ್ಸ್ ಕಳಿಸುವವರಿಗೆ ಎ ಮತ್ತು ಬಿ ನಡುವಿನ ಈ ಅಂತರ ಹೊಳೆಯುವುದು ತಡವಾಗಿ. ಬರೀ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಬರೆಸಿಕೊಂಡು ಕೊಂಡೆ ಎಂದುಕೊಂಡವರದ್ದು ಇನ್ನೊಂದು ಕತೆ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಖಚಿತವಾಗಿ ಹೇಳಿದೆ.

ಹರಿಹರದಲ್ಲಿ ಈ ಕತೆಗೆ ಹಳೆಯ ಒಂದು ಅಧ್ಯಾಯವಿದೆ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲೇತ್ ತಯಾರಿಸುತ್ತಿದ್ದ ಆ ಕಾರ್ಖಾನೆ ಒಂದು ಊರಿಗೆ ಊರನ್ನೇ ಕಟ್ಟಿತು. ಸಂಬಳದ ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ ಎಂದು ಹಿರಿಯರು ನೆನೆಯುತ್ತಾರೆ. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ದಾವಣಗೆರೆಯಲ್ಲಿ ಗಿರಣಿ ಮುಚ್ಚಿದಾಗ ಕಾಲೇಜು ಕೈಹಿಡಿದಂತೆ ಇಲ್ಲಿ ಯಾವುದೂ ಹಿಡಿಯಲಿಲ್ಲ. ಇಂದಿಗೂ ಹರಿಹರದ ಸೈಟಿನ ಬೆಲೆ ಹೇಳುವವರು ದಾವಣಗೆರೆಗೆ ಎಷ್ಟು ಹತ್ತಿರ ಎಂಬುದನ್ನೇ ಮೊದಲು ಹೇಳುತ್ತಾರೆ.

ತುಂಗಭದ್ರಾ ಹೊಳೆ ಇದೆಯಲ್ಲ? ಬೇರೆ ಕಡೆಯಾದರೆ ನೀರು ಕಾಣುವ ಕಿಟಕಿಗೇ ಲಕ್ಷಗಟ್ಟಲೆ ಹೆಚ್ಚು. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಹರಿಹರೇಶ್ವರನ ಗುಡಿ ಕಟ್ಟಿಸಲು ಈ ದಂಡೆಯನ್ನೇ ಆರಿಸಿಕೊಂಡ. ಮನೆ ಕಟ್ಟುವವರು ಮಾತ್ರ ದಂಡೆಯಿಂದ ಹಿಂದೆ ಸರಿಯುತ್ತಾರೆ. ತುಂಗೆ, ಭದ್ರೆ ಎರಡೂ ತುಂಬಿ ಬಂದ ಮಳೆಗಾಲದಲ್ಲಿ ಗಂಗಾನಗರದ ಮನೆಗಳಿಗೆ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ. ಎದುರು ದಂಡೆಯ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿಂದ ಹೊಳೆ ಕೆಡುತ್ತಿದೆ ಎಂದು 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಡಿದ್ದನ್ನು ಹಳಬರು ಮರೆತಿಲ್ಲ. ಹಾಗಾಗಿ ಇಲ್ಲಿ ಸೈಟು ನೋಡಲು ಬಂದವರು ‘ಹೊಳೆ ಕಾಣತೈತಾ?’ ಎಂದರೆ ಮಾರುವವನಿಗೆ ಅದು ಚೌಕಾಸಿಯ ಮುನ್ನುಡಿ ಎಂದೇ ಅರ್ಥ.

ಆ ಪಾಲಿಫೈಬರ್ಸ್ ಕಾರ್ಖಾನೆಯ ಹೆಸರು ಹರಿಹರದ್ದು, ನೆಲ ಹಾವೇರಿ ಜಿಲ್ಲೆಯದು. ಸೇತುವೆ ದಾಟಿದರೆ ತಾಲ್ಲೂಕು ರಾಣೆಬೆನ್ನೂರು, ಮಾರ್ಗಸೂಚಿ ದರದ ಪಟ್ಟಿ ಬೇರೆ, ಸಬ್‌ರಿಜಿಸ್ಟ್ರಾರ್ ಕಚೇರಿ ಬೇರೆ. ಅಪ್ಪನ ಒಂದು ಹೊಲ ಆಚೆ ದಂಡೆಗೆ, ಮನೆ ಈಚೆ ದಂಡೆಗೆ ಇರುವ ಕುಟುಂಬದವರು ಪರದೇಶದಿಂದ ಅಧಿಕಾರಪತ್ರ ಕಳಿಸುವಾಗ ಎರಡೂ ಜಿಲ್ಲೆಗಳ ಸರ್ವೆ ನಂಬರುಗಳನ್ನು ಮರೆಯದೆ ಬರೆಸಬೇಕು.