ಆವೃತ್ತಿಗಳ ಮುಹೂರ್ತ

ಅಲರ್ ಎಂಬ ಕನ್ನಡ–ಇಂಗ್ಲಿಷ್ ಜಾಲನಿಘಂಟನ್ನು ಬಳಸುವವರಿಗೆ ವಿ. ಕೃಷ್ಣ ಅವರ ಹೆಸರು ಗೊತ್ತಿರುತ್ತದೆ. ನಾಲ್ಕು ದಶಕ ಪಟ್ಟು ಹಿಡಿದು ಕೂತು ಒಂದೂವರೆ ಲಕ್ಷಕ್ಕೂ ಮೀರಿ ಪದಗಳನ್ನು ಕೂಡಿಹಾಕಿದವರು ಅವರು. ಆ ರಾಶಿ 2019ರಲ್ಲಿ ಜಾಲಕ್ಕೆ ಬಂತು. ಅದನ್ನು ಹೊತ್ತು ತಂದ ತಂತ್ರಾಂಶವನ್ನು ಈಗ ಡಿಕ್ಟ್‌ಪ್ರೆಸ್ ಎನ್ನುತ್ತಾರೆ. ಬರೆದವರು ಕೈಲಾಶ್ ನಾಧ್, ಜೆ.ಪಿ. ನಗರ ನಾಲ್ಕನೇ ಹಂತದಲ್ಲಿ ಕಚೇರಿ ಇರುವ ಷೇರು ವಹಿವಾಟು ಸಂಸ್ಥೆ ಜೆರೋಧಾದ ತಂತ್ರಜ್ಞಾನ ಮುಖ್ಯಸ್ಥರು. ಷೇರುಪೇಟೆಗೂ ಹಳಗನ್ನಡದ ಪದಗಳಿಗೂ ಎತ್ತಣ ಸಂಬಂಧ ಎಂದು ಕೇಳಬೇಡಿ, ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇಂಥವು ನಡೆಯುತ್ತಿರುತ್ತವೆ.

ನಿಘಂಟು ಅಂದರೆ ಒಂದು ಪದಪಟ್ಟಿ, ಒಂದು ಹುಡುಕುವ ಪೆಟ್ಟಿಗೆ, ಅಷ್ಟೇ ತಾನೆ? ಅಷ್ಟೇ ಅಲ್ಲ. ಜನ ಒತ್ತಕ್ಷರ ಬಿಡುತ್ತಾರೆ, ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡುತ್ತಾರೆ, ಆದರೂ ಪದ ಸಿಗಬೇಕು. ಅದಕ್ಕೆ ಕೆಎನ್‌ಫೋನ್ ಎಂಬ ಬೇರೆಯದೇ ಒಂದು ಪುಟ್ಟ ಕೋಡು ಇದೆ. ಕನ್ನಡ ಪದವನ್ನು ಕೊಟ್ಟರೆ ಅದರ ಉಚ್ಚಾರಣೆಯ ಮೂರು ಕೀಲಿಗಳನ್ನು ಕೊಡುತ್ತದೆ: ಒಂದು ಸಡಿಲ, ಒಂದು ಬಿಗಿ, ಒಂದು ನಡುವಿನದು. ಪದಗಳನ್ನೆಲ್ಲ ಇಟ್ಟುಕೊಳ್ಳಲು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬೇಕು. ಅದರೊಡನೆ ಮಾತಾಡಲು ಒಂದು ಲೈಬ್ರರಿ, ಜಾಲದ ಕೋರಿಕೆಗಳನ್ನು ತೆಗೆದುಕೊಳ್ಳಲು ಇನ್ನೊಂದು. ಹೀಗೆ ಒಂದು ತಂತ್ರಾಂಶ ಯಾವುದರ ಬೆನ್ನ ಮೇಲೆ ನಿಂತಿರುತ್ತದೋ ಅವನ್ನು ಡಿಪೆಂಡೆನ್ಸಿ ಎನ್ನುತ್ತಾರೆ. ಅವುಗಳಿಗೂ ತಮ್ಮವೇ ಡಿಪೆಂಡೆನ್ಸಿಗಳು ಇರುತ್ತವೆ.

ಇನ್‌ಸ್ಟಾಲ್ ಎಂಬ ಒಂದು ಕಮಾಂಡ್ ಕೊಟ್ಟಾಗ ಪರದೆಯ ಮೇಲೆ ಸಾಲುಗಳು ಸರಸರ ಓಡುತ್ತವಲ್ಲ, ಅಲ್ಲಿ ಡೌನ್‌ಲೋಡ್ ಅನ್ನುವುದು ಕೂಲಿ ಕೆಲಸ. ತಲೆ ಓಡಿಸಬೇಕಾದ ಕೆಲಸ ಅದಕ್ಕೂ ಮುಂಚೆ ಮುಗಿದಿರುತ್ತದೆ: ಯಾವುದರ ಎಷ್ಟನೇ ಆವೃತ್ತಿ ತಂದರೆ ಎಲ್ಲರಿಗೂ ಒಪ್ಪಿಗೆ ಎಂದು ಹುಡುಕುವುದು. ಈ ಯಂತ್ರದ ಹೆಸರು ಪ್ಯಾಕೇಜ್ ಮ್ಯಾನೇಜರ್. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದು ಆಪ್ಟ್, ಪೈಥಾನ್‌ನಲ್ಲಿ ಪಿಪ್, ಜಾವಾಸ್ಕ್ರಿಪ್ಟ್‌ನಲ್ಲಿ ಎನ್‌ಪಿಎಂ.

ಮೊದಲ ತೊಡಕು ಎಣಿಕೆಯಲ್ಲೇ ಇದೆ. ಆವೃತ್ತಿ 1.10 ದೊಡ್ಡದೋ 1.9 ದೊಡ್ಡದೋ? ಗಣಿತದ ಮೇಷ್ಟ್ರು ದಶಮಾಂಶ ನೋಡಿ 1.9 ಎನ್ನುತ್ತಾರೆ. ಅಕ್ಷರದ ಸಾಲಾಗಿ ಹೋಲಿಸುವ ಕಂಪ್ಯೂಟರೂ ಅದನ್ನೇ ಹೇಳುತ್ತದೆ. ಇಬ್ಬರೂ ತಪ್ಪು, ಏಕೆಂದರೆ ಇಲ್ಲಿ ಚುಕ್ಕಿ ದಶಮಾಂಶದ್ದಲ್ಲ. ಒಂಬತ್ತರ ನಂತರ ಬರುವುದು ಹತ್ತು. ಡೆಬಿಯನ್ನಿನವರು ಇನ್ನೊಂದು ಸೂಕ್ಷ್ಮವನ್ನು ಸೇರಿಸಿದ್ದಾರೆ. ಸಂಖ್ಯೆಯ ಪಕ್ಕ ಅಲೆಯಂಥ ಒಂದು ಗೆರೆ ಎಳೆದು ಏನಾದರೂ ಬರೆದರೆ, ಅದು ಏನೂ ಬರೆಯದಿದ್ದುದಕ್ಕಿಂತ ಚಿಕ್ಕದು. ಪರೀಕ್ಷಾರ್ಥ ಬಿಟ್ಟ 2.0 ಅಸಲಿ 2.0ಗಿಂತ ಹಿಂದೆ ನಿಲ್ಲಬೇಕಲ್ಲ, ಅದಕ್ಕಾಗಿ ಈ ಏರ್ಪಾಡು.

ಮೂರು ಸಂಖ್ಯೆಗಳಿಗೂ ಒಂದೊಂದು ಅರ್ಥ ಕೊಡುವ ರೂಢಿ ಬಹುತೇಕ ಕಡೆ ಇದೆ. 2.4.1ರಲ್ಲಿ ಕೊನೆಯದು ಬದಲಾದರೆ ಸಣ್ಣ ರಿಪೇರಿ. ನಡುವಿನದು ಬದಲಾದರೆ ಹೊಸ ಸೌಲಭ್ಯ ಬಂದಿದೆ, ಹಳೆಯದು ಕೆಟ್ಟಿಲ್ಲ. ಮೊದಲನೆಯದು ಬದಲಾದರೆ ಹುಷಾರು, ನಿಮ್ಮ ಕೋಡು ಮುರಿಯಬಹುದು. ಇದು ಬರೆದವರು ಕೊಡುವ ಮಾತು ಮಾತ್ರ. ಮಾತು ಉಳಿಸಿಕೊಂಡರೋ ಇಲ್ಲವೋ ಎಂದು ಯಂತ್ರ ವಿಚಾರಿಸುವುದಿಲ್ಲ.

ಈಗ ಹುಡುಕಾಟಕ್ಕೆ ಬನ್ನಿ. ನಿಮ್ಮ ತಂತ್ರಾಂಶಕ್ಕೆ ಕ ಮತ್ತು ಚ ಎಂಬ ಎರಡು ಲೈಬ್ರರಿಗಳು ಬೇಕು. ಕ ಲೈಬ್ರರಿಯ ಹೊಸ ಆವೃತ್ತಿ, ತನಗೆ ಟ ಎಂಬುದರ ಎರಡನೇ ಪೀಳಿಗೆಯೇ ಬೇಕು ಎನ್ನುತ್ತದೆ. ಚ ಇನ್ನೂ ಟ ಲೈಬ್ರರಿಯ ಮೊದಲ ಪೀಳಿಗೆಯಲ್ಲೇ ನಿಂತಿದೆ. ಎರಡೂ ಒಟ್ಟಿಗೆ ಆಗದು. ಯಂತ್ರ ಒಂದು ಹೆಜ್ಜೆ ಹಿಂದೆ ಸರಿದು ಕ ಲೈಬ್ರರಿಯ ಹಳೆಯ ಆವೃತ್ತಿಯನ್ನು ನೋಡುತ್ತದೆ. ಅದಕ್ಕೆ ಟ ಮೊದಲ ಪೀಳಿಗೆ ಒಪ್ಪಿಗೆ ಇರಬಹುದು, ಆದರೆ ಅದು ತ ಎಂಬ ಇನ್ನೊಂದನ್ನು ಕೇಳಬಹುದು. ಮದುವೆಗೆ ಮುಹೂರ್ತ ಇಡುವ ಮನೆಯವರ ಪಾಡೂ ಇದೇ: ಪಂಚಾಂಗಕ್ಕೆ ಹೊಂದುವ ದಿನ ಬನಶಂಕರಿಯ ಛತ್ರ ಖಾಲಿ ಇಲ್ಲ, ಛತ್ರ ಖಾಲಿ ಇರುವ ದಿನ ಅಡುಗೆ ಭಟ್ಟರು ಸಿಗುವುದಿಲ್ಲ, ಮೂರೂ ಕೂಡಿಬಂದ ದಿನ ಹುಡುಗನಿಗೆ ರಜೆ ಇಲ್ಲ. ಮತ್ತೆ ಮೊದಲಿನಿಂದ.

ಇಪ್ಪತ್ತು ಲೈಬ್ರರಿ, ಒಂದೊಂದಕ್ಕೂ ಹತ್ತು ಆವೃತ್ತಿ ಎಂದರೆ ಜೋಡಣೆಗಳು ಒಂದರ ಮುಂದೆ ಇಪ್ಪತ್ತು ಸೊನ್ನೆಯಷ್ಟು. ಸೆಕೆಂಡಿಗೆ ನೂರು ಕೋಟಿ ಜೋಡಣೆಗಳನ್ನು ಪರೀಕ್ಷಿಸಿದರೂ ಮೂರು ಸಾವಿರ ವರ್ಷ ಬೇಕು. ಕಂಪ್ಯೂಟರ್ ವಿಜ್ಞಾನಿಗಳು ಇಂಥ ಸಮಸ್ಯೆಗಳನ್ನು ಎನ್‌ಪಿ-ಕಂಪ್ಲೀಟ್ ಎಂಬ ಪಂಗಡಕ್ಕೆ ಹಾಕುತ್ತಾರೆ. ಕೊಟ್ಟ ಉತ್ತರ ಸರಿಯೇ ಎಂದು ನೋಡುವುದು ಸುಲಭ. ಎಲ್ಲ ಸಂದರ್ಭಕ್ಕೂ ಸಲ್ಲುವಂತೆ ಬೇಗ ಉತ್ತರ ಹುಡುಕುವ ದಾರಿ ಈವರೆಗೆ ಯಾರಿಗೂ ಸಿಕ್ಕಿಲ್ಲ. ವಾಸ್ತವದಲ್ಲಿ ಬಹಳಷ್ಟು ಸಲ ಕೆಲಸ ಕ್ಷಣದಲ್ಲೇ ಮುಗಿಯುತ್ತದೆ, ಏಕೆಂದರೆ ಒಂದು ಕಡೆ ಜಗಳ ಕಂಡ ಕೂಡಲೇ ಅದರ ಹಿಂದಿನ ಲಕ್ಷಾಂತರ ಜೋಡಣೆಗಳನ್ನು ಒಟ್ಟಿಗೆ ಕೈಬಿಡಬಹುದು. ಫೆಡೋರಾದ ಡಿಎನ್‌ಎಫ್‌ನಂಥ ಯಂತ್ರಗಳು ಇದಕ್ಕೆ ಬಳಸುವ ಲೆಕ್ಕಾಚಾರ, ಮೈಕ್ರೋಚಿಪ್ಪಿನ ವಿನ್ಯಾಸದಲ್ಲಿ ದೋಷ ಪತ್ತೆಹಚ್ಚಲು ಬಳಸುವ ಲೆಕ್ಕಾಚಾರದ ಜಾತಿಯದೇ.

ಪಿಪ್ ಬಹಳ ವರ್ಷ ಈ ಗೋಜಿಗೇ ಹೋಗಿರಲಿಲ್ಲ. ಮೊದಲು ಎದುರಾದ ಬೇಡಿಕೆಯನ್ನು ಪೂರೈಸಿ ಮುಂದೆ ಹೋಗುತ್ತಿತ್ತು. ಆಮೇಲೆ ಬಂದವರ ತಕರಾರು ಕೇಳುತ್ತಿರಲಿಲ್ಲ. 2020ರ ನವೆಂಬರ್ ಕೊನೆಗೆ ಬಂದ 20.3ನೇ ಆವೃತ್ತಿ ನಿಜವಾಗಿ ಹಿಂದೆ ಸರಿದು ಹುಡುಕುವುದನ್ನು ಕಲಿಯಿತು. ಆಗ ಅದು ನಿಧಾನವಾಯಿತು ಎಂದು ಜನ ಬೈದರು. ಕೆಲವು ಪ್ಯಾಕೇಜ್‌ಗಳಿಗೆ ಏನು ಬೇಕು ಎಂದು ತಿಳಿಯಲು ಅವನ್ನೇ ಪೂರ್ತಿ ಇಳಿಸಿಕೊಂಡು ಬಿಚ್ಚಿ ನೋಡಬೇಕು, ಹಿಂದೆ ಸರಿದಾಗಲೆಲ್ಲ ಮತ್ತೊಂದನ್ನು ಇಳಿಸಬೇಕು. ಎನ್‌ಪಿಎಂ ಬೇರೆ ಉಪಾಯ ಹೂಡಿತು: ಜಗಳವಾಡುವ ಇಬ್ಬರಿಗೂ ಬೇರೆಬೇರೆ ಪ್ರತಿ ಕೊಟ್ಟುಬಿಡುವುದು. ಶಾಂತಿಯೇನೋ ನೆಲೆಸಿತು, ಡಿಸ್ಕ್ ತುಂಬಿತು.

ನನಗೆ ಹಿಡಿಸಿದ್ದು ಗೋ ಭಾಷೆಯವರು 2018ರಲ್ಲಿ ಮಾಡಿದ್ದು. ಅದರ ಹಿಂದಿನ ತಲೆ ರಸ್ ಕಾಕ್ಸ್ ಅವರದು. ಸಮಸ್ಯೆ ಕಷ್ಟವೆಂದಾದರೆ ಅದನ್ನು ಬಿಡಿಸಲು ಜಾಣ ಯಂತ್ರ ಕಟ್ಟುವ ಬದಲು, ಕೇಳುವ ಹಕ್ಕನ್ನೇ ಕಡಿಮೆ ಮಾಡೋಣ ಎಂದರು. ಒಂದು ಲೈಬ್ರರಿ ‘ಟ ಕನಿಷ್ಠ 1.3 ಬೇಕು’ ಎನ್ನಬಹುದು, ‘1.6ಕ್ಕಿಂತ ಹೊಸದು ಬೇಡ’ ಎನ್ನುವಂತಿಲ್ಲ. ಒಬ್ಬರು 1.3 ಕೇಳಿದರು, ಇನ್ನೊಬ್ಬರು 1.4, ಪೇಟೆಯಲ್ಲಿ 1.9 ಇದ್ದರೂ ಯಂತ್ರ 1.4ನ್ನೇ ಆರಿಸುತ್ತದೆ, ಕೇಳಿದವುಗಳಲ್ಲಿ ದೊಡ್ಡದು ಯಾವುದೋ ಅದು. ಹಿಂದೆ ಸರಿಯುವ ಮಾತೇ ಇಲ್ಲ. ಎರಡನೇ ಪೀಳಿಗೆ ಬಂದರೆ ಅದರ ಹೆಸರೇ ಬೇರೆಯಾಗಬೇಕು, ಆಗ ಎರಡೂ ಒಂದೇ ತಂತ್ರಾಂಶದೊಳಗೆ ಇರಬಹುದು. ಜತೆಗೆ ಪ್ರತಿ ಲೈಬ್ರರಿಗೂ ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ ಬಂದ ಬೆರಳಚ್ಚನ್ನು ಕಡತದಲ್ಲಿ ಬರೆದಿಡುತ್ತಾರೆ. ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಹೊಂದುವುದಿಲ್ಲ.

ಕೈಲಾಶ್ ನಾಧ್ ನಿಘಂಟಿನ ತಂತ್ರಾಂಶವನ್ನು ಬರೆದದ್ದು ಈ ಗೋ ಭಾಷೆಯಲ್ಲೇ. ಇಮೇಲ್ ಪತ್ರಿಕೆ ಕಳಿಸಲು ಅವರು ಬರೆದ, ಈಗ ಹೆಚ್ಚು ಪ್ರಸಿದ್ಧವಾಗಿರುವ ಲಿಸ್ಟ್‌ಮಾಂಕ್ ಕೂಡ ಹಾಗೇ. ಅದನ್ನು ಹಾಕಿಕೊಳ್ಳುವವರಿಗೆ ಸಿಗುವುದು ಒಂದೇ ಒಂದು ಕಡತ. ಲೈಬ್ರರಿಗಳೆಲ್ಲ ಅದರೊಳಗೇ ಬೆಸೆದುಹೋಗಿವೆ. ಹೊರಗೆ ಬೇಕಾದದ್ದು ಪೋಸ್ಟ್‌ಗ್ರೆಸ್ ಮಾತ್ರ, ಅದೂ 12 ಅಥವಾ ಮೇಲಿನದು. ಹೊಸ ಆವೃತ್ತಿಯ ಕಡತವನ್ನು ಹಳೆಯ ಡೇಟಾಬೇಸ್ ಮೇಲೆ ಓಡಿಸಿ ನೋಡಿ: ಅದು ಏಳುವುದೇ ಇಲ್ಲ, ಮೊದಲು ಒಂದು ನಕಲು ತೆಗೆದಿಟ್ಟು ಅಪ್‌ಗ್ರೇಡ್ ಕಮಾಂಡ್ ಕೊಡಿ ಎಂದು ಹೇಳಿ ನಿಂತುಬಿಡುತ್ತದೆ. ಎಷ್ಟೋ ದುಬಾರಿ ತಂತ್ರಾಂಶಗಳಿಗೆ ಇಲ್ಲದ ವಿವೇಕ ಇದು.

ಆವೃತ್ತಿ ಪರೀಕ್ಷೆ ಇಲ್ಲಿ ಮಾಯವಾಗಿಲ್ಲ, ಜಾಗ ಬದಲಿಸಿದೆ. ಆಪ್ಟ್‌ನ ಲೋಕದಲ್ಲಿ ಹೊಂದಾಣಿಕೆ ನಡೆಯುವುದು ನಿಮ್ಮ ಕಂಪ್ಯೂಟರಿನಲ್ಲಿ, ನೀವು ಕಮಾಂಡ್ ಕೊಟ್ಟ ಗಳಿಗೆಯಲ್ಲಿ. ಗೋ ಕಡತದಲ್ಲಿ ಅದು ಬರೆದವರ ಮೇಜಿನ ಮೇಲೆ ಮುಗಿದಿರುತ್ತದೆ. ಬಿಟಿಎಂ ಲೇಔಟಿನ ಪಿಜಿ ಕೋಣೆಯಲ್ಲಿ ರಾತ್ರಿ ಸರ್ವರ್ ಎಬ್ಬಿಸಲು ಒದ್ದಾಡುವ ಹುಡುಗಿಗೆ ಎರಡನೆಯದೇ ವರ. ಡೆಬಿಯನ್ನಿನವರು ಒಪ್ಪುವುದಿಲ್ಲ, ಅವರಿಗೂ ಕಾರಣವಿದೆ. ಹಂಚಿಕೊಂಡ ಒಂದು ಲೈಬ್ರರಿಯಲ್ಲಿ ಭದ್ರತೆಯ ತೂತು ಕಂಡರೆ ಅದೊಂದನ್ನು ಬದಲಿಸಿದರೆ ಅದನ್ನು ನಂಬಿದ ನೂರು ತಂತ್ರಾಂಶಗಳೂ ಸರಿಹೋಗುತ್ತವೆ. ಒಳಗೇ ಬೆಸೆದಿದ್ದರೆ ನೂರನ್ನೂ ಮತ್ತೆ ಕಟ್ಟಬೇಕು, ಕಟ್ಟುವವರು ಎದ್ದಿರಬೇಕು. ಆದರೂ ನಿಘಂಟಿನಂಥ ಚಿಕ್ಕ ತಂತ್ರಾಂಶಕ್ಕೆ ಒಂದೇ ಕಡತದ ದಾರಿಯೇ ಸರಿ ಎಂಬುದು ನನ್ನ ಪಕ್ಷ.

ಎರಡೂ ದಾರಿಗಳು ಒಂದು ಕಡೆ ಕುರುಡು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಎಕ್ಸ್‌ಝಡ್ ಎಂಬ ಸಂಕುಚನ ಲೈಬ್ರರಿಯ 5.6.0 ಮತ್ತು 5.6.1ನೇ ಆವೃತ್ತಿಗಳಲ್ಲಿ ಕಳ್ಳಬಾಗಿಲು ಇದೆ ಎಂದು ಜಗತ್ತಿಗೆ ಹೇಳಿದರು. ಸರ್ವರ್‌ಗೆ ಲಾಗಿನ್ ಆಗುವಾಗ ಅರ್ಧ ಸೆಕೆಂಡು ತಡವಾಗುತ್ತಿದೆ ಎಂಬ ಕಿರಿಕಿರಿಯನ್ನು ಬೆನ್ನಟ್ಟಿ ಅವರು ಅಲ್ಲಿಗೆ ತಲುಪಿದ್ದರು. ಅಂದಹಾಗೆ ಅವರು ಪೋಸ್ಟ್‌ಗ್ರೆಸ್ ಕಟ್ಟುವವರಲ್ಲಿ ಒಬ್ಬರು, ಪರೀಕ್ಷಿಸುತ್ತಿದ್ದುದೂ ಅದನ್ನೇ. ಎಕ್ಸ್‌ಝಡ್ ಅನ್ನು ಬಹುಪಾಲು ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದಾಗ ಅಡ್ಡಹೆಸರಿನ ಒಬ್ಬ ಸಹಾಯಕ ಬಂದು, ಎರಡು ವರ್ಷಕ್ಕೂ ಮೀರಿ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಆಮೇಲೆ ವಿಷ ಸೇರಿಸಿದ. ಆವೃತ್ತಿ ಸಂಖ್ಯೆ ಕ್ರಮವಾಗಿಯೇ ಏರಿತ್ತು. ಬಿಡುಗಡೆ ಮಾಡಿದ್ದು ಅಧಿಕಾರ ಇದ್ದವನೇ, ಹಾಗಾಗಿ ಬೆರಳಚ್ಚೂ ತಕರಾರು ಎತ್ತುವಂತಿರಲಿಲ್ಲ. ಯಾವ ಪ್ಯಾಕೇಜ್ ಮ್ಯಾನೇಜರನ್ನು ಕೇಳಿದರೂ ‘ಎಲ್ಲ ಸರಿಯಾಗಿದೆ’ ಎನ್ನುತ್ತಿತ್ತು.

ಅದೇ ವರ್ಷದ ಅಕ್ಟೋಬರಿನಲ್ಲಿ ಜೆರೋಧಾ, ಮುಕ್ತ ತಂತ್ರಾಂಶಗಳಿಗಾಗಿ ಫ್ಲಾಸ್ ಫಂಡ್ ಎಂಬ ನಿಧಿ ಶುರುಮಾಡಿತು: ವರ್ಷಕ್ಕೆ ಹತ್ತು ಲಕ್ಷ ಡಾಲರ್, ಜಗತ್ತಿನ ಯಾವ ಮೂಲೆಯವರೂ ಕೇಳಬಹುದು. ಅರ್ಜಿಯೆಂದರೆ ಫಂಡಿಂಗ್ ಡಾಟ್ ಜೇಸನ್ ಎಂಬ ಒಂದು ಪುಟ್ಟ ಕಡತ. ಡಿಪೆಂಡೆನ್ಸಿಗಳ ಪಟ್ಟಿಯಂತೆಯೇ ಯಂತ್ರ ಓದುವ ರೂಪದಲ್ಲಿ, ಈ ಕೋಡನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಎಷ್ಟು ಹಣ ಬೇಕು ಎಂದು ಅದರಲ್ಲಿ ಬರೆದಿಡಬೇಕು.