ದಲ್ಲಾಳಿಯ ಕೈಯಲ್ಲಿ ಮನೆಯ ಹಣ

ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕಡಲನ್ನು ಕೂಡುವ ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ಹರಾಜನ್ನು ನೋಡದ ವಾಚಕರು ಆ ಸೀಮೆಯಲ್ಲಿ ವಿರಳ. ಹರಾಜು ಕೂಗುವವನು ಮೀನಿನ ಒಡೆಯನಲ್ಲ, ಕೊಳ್ಳುವವನೂ ಅಲ್ಲ. ನಡುವೆ ನಿಂತು ಬೆಲೆಯನ್ನು ಗೊತ್ತುಮಾಡತಕ್ಕವನು. ಬುಟ್ಟಿಯು ಎಲ್ಲರ ಕಣ್ಣೆದುರಿಗೇ ಇರುವುದರಿಂದ ಅಲ್ಲಿ ಮೋಸಕ್ಕೆ ಎಡೆ ಕಡಮೆ. ಶೇರು ದಲ್ಲಾಳಿಯ ಉದ್ಯೋಗವೂ ಇದೇ ಜಾತಿಯದು. ಆದರೆ ಅಲ್ಲಿ ಬುಟ್ಟಿಯು ಕಣ್ಣಿಗೆ ಬೀಳುವುದಿಲ್ಲ. ಕಾಯಿದೆಯ ಅವಶ್ಯಕತೆಯು ಉಂಟಾದುದು ಇದರಿಂದಲೇ.

ಹಿಂದೆ ಮಂಗಳೂರಿನಲ್ಲಿಯೇ ಒಂದು ಶೇರು ವಿನಿಮಯ ಕೇಂದ್ರವಿದ್ದಿತು. ದಲ್ಲಾಳಿಯ ಮುಖಪರಿಚಯವಾದರೂ ಇರುತ್ತಿತ್ತು. ಅದರ ಮಾನ್ಯತೆಯನ್ನು ನವೀಕರಿಸಲು 2004ರಲ್ಲಿ ಸೆಬಿ ಮಂಡಳಿಯು ಒಪ್ಪಲಿಲ್ಲ. ಇಂದು ಗಂಗೊಳ್ಳಿಯ ಜಗಲಿಯಲ್ಲಿ ಕುಳಿತು, ಮುಖವನ್ನೇ ಕಾಣದ ದಲ್ಲಾಳಿಯ ಮೂಲಕ, ಫೋನಿನಲ್ಲಿಯೇ ಮುಂಬಯಿಯ ಶೇರುಗಳನ್ನು ಕೊಳ್ಳಬಹುದಾಗಿದೆ.

ಈ ಸೆಬಿಯು 1988ರಲ್ಲಿ ಹುಟ್ಟಿತಾದರೂ ಅದಕ್ಕೆ ಶಾಸನದ ಬಲವು ಬಂದುದು 1992ರಲ್ಲಿ. ಕಂಪೆನಿಗಳು ಬಂಡವಾಳವೆತ್ತಲು ಸರಕಾರದ ಅಪ್ಪಣೆಯನ್ನು ಬೇಡಬೇಕೆಂಬ 1947ರ ಕಾಯಿದೆಯು ರದ್ದಾದುದೂ ಆ ವರ್ಷವೇ. ಬಾಗಿಲು ತೆರೆದಾಗಲೇ ಕಾವಲನ್ನೂ ನಿಲ್ಲಿಸಿದರೆನ್ನಬಹುದು: ನೋಂದಣಿಯಿಲ್ಲದೆ ಯಾರೂ ಶೇರು ದಲ್ಲಾಳಿಯಾಗಕೂಡದೆಂದಾಯಿತು. ಆದರೆ ಬ್ಯಾಂಕುಗಳ ಹಣವನ್ನು ಶೇರು ಪೇಟೆಗೆ ಹರಿಸಿದ ಹರ್ಷದ್ ಮೆಹತಾ ಹಗರಣವು ಬಯಲಾದುದೂ ಅದೇ 1992ರ ಏಪ್ರಿಲಿನಲ್ಲಿ!

ನೋಂದಣಿಯೊಂದೇ ಸಾಲದೆಂಬುದು ಮುಂದೆ ಮತ್ತೊಮ್ಮೆ ತಿಳಿಯಿತು. ಖಾತೆ ತೆರೆಯುವಾಗ ಗ್ರಾಹಕರು ಸಹಿಮಾಡುವ ಕಾಗದಗಳ ಕಟ್ಟಿನಲ್ಲಿ ಅಧಿಕಾರಪತ್ರವೊಂದು ಇರುತ್ತಿತ್ತು. ಅದನ್ನು ಓದಿ ಸಹಿಮಾಡಿದವರು ಎಷ್ಟು ಮಂದಿಯೋ! ನೋಂದಣಿಯುಳ್ಳ ದೊಡ್ಡ ದಲ್ಲಾಳಿ ಸಂಸ್ಥೆಯಾಗಿದ್ದ ಹೈದರಾಬಾದಿನ ಕಾರ್ವಿಯು ಆ ಪತ್ರದ ದುರುಪಯೋಗದಿಂದ ಗ್ರಾಹಕರ ಶೇರುಗಳನ್ನು ತನ್ನ ಸಾಲಕ್ಕೆ ಅಡವಿಟ್ಟಿತೆಂದು 2019ರ ನವೆಂಬರಿನಲ್ಲಿ ಸೆಬಿಯು ಅದನ್ನು ತಡೆಯಿತು. ಸುಮಾರು 95,000 ಗ್ರಾಹಕರ 2,300 ಕೋಟಿ ರೂಪಾಯಿ ಬೆಲೆಯ ಶೇರುಗಳ ಮಾತದು. ಒಡೆಯನಿಗೆ ತಿಳಿಯದಂತೆ ಅವನ ಬುಟ್ಟಿಯನ್ನು ಅಡವಿಟ್ಟಂತಲ್ಲವೆ? ಕಾರ್ವಿಯ ನೋಂದಣಿಯು 2023ರಲ್ಲಿ ರದ್ದಾಯಿತು.

2020ರ ಸಪ್ಟೆಂಬರಿನಿಂದ ಕ್ರಮವು ಬದಲಾಗಿದೆ. ಮಾರ್ಜಿನ್ನಿಗಾಗಿ ಶೇರುಗಳನ್ನು ಅಡವಿಡುವುದಾದರೂ ಅವು ಗ್ರಾಹಕನ ಖಾತೆಯಲ್ಲಿಯೇ ಉಳಿಯತಕ್ಕುದು. ಅವನ ಫೋನಿಗೆ ಬರುವ ಗುಪ್ತ ಅಂಕಿಗಳಿಂದ ಅವನೇ ಒಪ್ಪಿಗೆ ಕೊಡಬೇಕು. ಕಾಯಿದೆಯು ಬಹು ತಡವಾಗಿ ಹಿಡಿದ ಸರಿಯಾದ ದಾರಿಯಿದೆಂದು ನಮಗೆ ತೋರುತ್ತದೆ. ಆದರೆ ಬೀಗದ ಕೈಯು ಈಗ ಮನೆಯವರಲ್ಲಿದೆ. ಆ ಅಂಕಿಗಳನ್ನು ಕೇಳಿದವರಿಗೆಲ್ಲ ಹೇಳಿಬಿಟ್ಟರೆ ಸೆಬಿಯಾದರೂ ಏನು ಮಾಡೀತು?

ಹಣವನ್ನು ಕೊಡುವ ಮುನ್ನ ದಲ್ಲಾಳಿಯ ನೋಂದಣಿ ಸಂಖ್ಯೆಯನ್ನು ಸೆಬಿಯ ಪಟ್ಟಿಯಲ್ಲಿ ನೋಡಿಕೊಳ್ಳುವುದು ಯಾವ ಗೃಹಿಣಿಗೂ ಕಷ್ಟವಲ್ಲ. ವಿನಿಮಯ ಕೇಂದ್ರದ ಸದಸ್ಯನಾದ ದಲ್ಲಾಳಿಯು ದಿವಾಳಿಯೆದ್ದರೆ ಅಲ್ಲಿನ ಹೂಡಿಕೆದಾರರ ರಕ್ಷಣಾ ನಿಧಿಯಿಂದ ಒಂದು ಮಿತಿಯವರೆಗೆ ಪರಿಹಾರವನ್ನು ಕೇಳಬಹುದು; ನೋಂದಣಿಯಿಲ್ಲದವನ ಕೈಗೆ ಕೊಟ್ಟ ಹಣಕ್ಕೆ ಆ ನಿಧಿಯ ನೆರವಿಲ್ಲ.