ತೋಲೋಲಿಂಗ್ ಗೆದ್ದ ಪಡೆಯ ಕನ್ನಡಿಗ ದಂಡನಾಯಕ

ಬೆಂಗಳೂರಿನ ವಸಂತಪುರದ ವೈಕುಂಠ ಬೆಟ್ಟ ಹತ್ತಿ ನಿಂತರೂ ನಾವು ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರ್ ದಾಟಿರುವುದಿಲ್ಲ. ದ್ರಾಸ್ ಬಳಿಯ ತೋಲೋಲಿಂಗ್‌ನ ಒಂದು ತುದಿಗೆ ಸೇನೆಯ ನಕಾಶೆಯಲ್ಲಿ 'ಪಾಯಿಂಟ್ 4590' ಎಂದೇ ಹೆಸರು. ಅದು ಮೀಟರ್ ಲೆಕ್ಕದ ಎತ್ತರ. ಉಸಿರು ಕಟ್ಟುವ ಗಾಳಿ, ಅಡಗಲು ಗಿಡಮರವಿಲ್ಲದ ಬೋಳು ಇಳಿಜಾರು, ತುದಿಯ ಬಂಕರ್‌ಗಳಲ್ಲಿ ಶತ್ರುವಿನ ಮೆಷಿನ್‌ಗನ್. ಕೆಳಗೆ ಕಾಣುವುದು ಶ್ರೀನಗರ–ಲೇಹ್ ಹೆದ್ದಾರಿ. ಅಲ್ಲಿ ಓಡಾಡುವ ಪ್ರತಿ ಲಾರಿಯೂ ಮೇಲಿದ್ದವರ ಗುರಿಗೆ ಸಿಗುತ್ತಿತ್ತು.

1999ರ ಕಾರ್ಗಿಲ್ ಯುದ್ಧದಲ್ಲಿ, ಮೇ ತಿಂಗಳಲ್ಲಿ, ಈ ಶಿಖರಕ್ಕೆ ಮೊದಲು ಏರಿಹೋದವರು 18 ಗ್ರೆನೇಡಿಯರ್ಸ್. ಮೇಜರ್ ರಾಜೇಶ್ ಅಧಿಕಾರಿ, ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ಅಲ್ಲೇ ಪ್ರಾಣ ಕೊಟ್ಟರು. ಆಮೇಲೆ ಹೊಣೆ ಬಿದ್ದದ್ದು 2ನೇ ರಜಪುತಾನ ರೈಫಲ್ಸ್ ಮೇಲೆ. ಅದರ ದಂಡನಾಯಕ ಎಂ.ಬಿ. ರವೀಂದ್ರನಾಥ್, ದಾವಣಗೆರೆ ಕಡೆಯವರು, ಬಿಜಾಪುರ ಸೈನಿಕ ಶಾಲೆಯಲ್ಲಿ ಓದಿದವರು.

ಪದಾತಿಯ ಶೌರ್ಯವೆಂದರೆ ಬಂದೂಕು ಹಿಡಿದು ನುಗ್ಗುವುದು ಎಂದು ಸಿನಿಮಾ ನಮಗೆ ಕಲಿಸಿದೆ. ನುಗ್ಗುವ ಮೊದಲಿನ ಸಿದ್ಧತೆಯೇ ಅರ್ಧ ಯುದ್ಧ ಎಂಬುದು ನನ್ನ ನಂಬಿಕೆ. ಯಾವ ಏಣಿನಿಂದ ಯಾವ ತುಕಡಿ ಏರಬೇಕು, ಫಿರಂಗಿಗಳು ಎಷ್ಟು ಹೊತ್ತು ಗುಡುಗಬೇಕು, ಅವು ನಿಂತ ಕ್ಷಣ ಜವಾನ ಬಂಕರ್‌ಗೆ ಎಷ್ಟು ಹತ್ತಿರವಿರಬೇಕು ಎಂಬುದನ್ನೆಲ್ಲ ಮೊದಲೇ ಅಳೆದು ತೂಗಬೇಕು. ಲೆಕ್ಕ ತಪ್ಪಿದರೆ ನಮ್ಮ ಗುಂಡಿಗೆ ನಮ್ಮವರೇ ಬಲಿ. ಜೂನ್ 12ರ ರಾತ್ರಿ ನೂರಕ್ಕೂ ಹೆಚ್ಚು ಫಿರಂಗಿಗಳ ಆಸರೆಯಲ್ಲಿ ದಾಳಿ ಶುರುವಾಯಿತು. ಮೇಜರ್ ವಿವೇಕ್ ಗುಪ್ತ ಮುಂಚೂಣಿಯಲ್ಲಿದ್ದು ಮಡಿದರು. ಅದೇ ಪಡೆಯ ದಿಗೇಂದ್ರ ಕುಮಾರ್ ಗುಂಡೇಟು ತಿಂದೂ ಹಿಂದೆ ಸರಿಯಲಿಲ್ಲ. 13ರಂದು ತೋಲೋಲಿಂಗ್ ಕೈಸೇರಿತು. ಅದು ಕಾರ್ಗಿಲ್ ಯುದ್ಧದ ಮೊದಲ ದೊಡ್ಡ ಗೆಲುವು.

ತಿಂಗಳ ಕೊನೆಯಲ್ಲಿ ಇದೇ ಪಡೆ ಮತ್ತೆ ಬೆಟ್ಟ ಏರಿತು, ನೋಲ್, ಲೋನ್ ಹಿಲ್ ಎಂಬ ಗುಡ್ಡಗಳ ಕಡೆಗೆ. ಅಲ್ಲಿ ಮೇಜರ್ ಪದ್ಮಪಾಣಿ ಆಚಾರ್ಯ, ಕ್ಯಾಪ್ಟನ್ ವಿಜಯಂತ್ ಥಾಪರ್ ಹುತಾತ್ಮರಾದರು. ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರೂಸೆ ಹಿಮಬಂಡೆಯ ಮೇಲೆ ಕಾಲು ಜಾರದಿರಲೆಂದು ಬೂಟು ಕಳಚಿ ಬರಿಗಾಲಲ್ಲಿ ಏರಿ, ಹೋರಾಡುತ್ತಲೇ ಕಣ್ಮುಚ್ಚಿದರು. ಆ ಚಳಿಯಲ್ಲಿ ಬರಿಗಾಲು! ನೆನೆದರೆ ಮೈ ಜುಮ್ಮೆನ್ನುತ್ತದೆ.

ಒಂದೇ ಪಡೆಗೆ ನಾಲ್ಕು ಮಹಾವೀರ ಚಕ್ರ ಸಂದವು. ರವೀಂದ್ರನಾಥ್ ಅವರಿಗೆ ಸಿಕ್ಕಿದ್ದು ವೀರ ಚಕ್ರ. ಬೆಳ್ಳಿಯ ದುಂಡು ಪದಕ, ಮೇಲೆ ಐದು ಮೂಲೆಯ ನಕ್ಷತ್ರ, ಅದರ ನಡುವೆ ಚಕ್ರ. ಪಟ್ಟಿ ಅರ್ಧ ಕಡುನೀಲಿ, ಅರ್ಧ ಕೇಸರಿ. ಯುದ್ಧಕಾಲದ ಶೌರ್ಯಕ್ಕೆ ಪರಮವೀರ, ಮಹಾವೀರ ಚಕ್ರಗಳ ನಂತರದ ಸ್ಥಾನ ಇದರದು.

2018ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮ ಬಡಾವಣೆಗಳ ಎಷ್ಟೋ ಮಕ್ಕಳಿಗೆ ತೋಲೋಲಿಂಗ್ ಹೆಸರು ಗೊತ್ತು, ಅದನ್ನು ಗೆದ್ದ ಪಡೆಯನ್ನು ನಡೆಸಿದವರು ಕನ್ನಡಿಗರೆಂದು ಗೊತ್ತಿಲ್ಲ. ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದು ಶಾಲೆಗಳಲ್ಲಿ ಭಾಷಣ ಮಾಡುವ ಮೇಷ್ಟ್ರುಗಳು ದಯವಿಟ್ಟು ಈ ಹೆಸರನ್ನೂ ಹೇಳಿ.